ಹುಲಿಕುಂಟೆಯ ತಾಮ್ರ, ಕೊರಟಗೆರೆಯ ತಾಮ್ರ

ಪಶುವೈದ್ಯರಲ್ಲಿ ಎರಡು ಜಾತಿ. ಜೀವ ಇರುವಾಗ ಹೋಗುವವರು, ಜೀವ ಹೋದ ಮೇಲೆ ಹೋಗುವವರು. ನಾನು ಎರಡನೆಯ ಜಾತಿ. ಹಸು ಈಯಿಸಿದ ಡಾಕ್ಟರ ಮನೆಗೆ ಗಿಣ್ಣು ಬರುತ್ತದೆ. ರೋಗಪತ್ತೆ ಪ್ರಯೋಗಾಲಯದವರಿಗೆ ಬರುವುದು ಬಾಟಲಿಯಲ್ಲಿ ಯಕೃತ್ತಿನ ತುಂಡು, ಐಸು ಕರಗಿ ಸೋರುತ್ತಿರುವ ಥರ್ಮೋಕೋಲ್ ಡಬ್ಬಿಯಲ್ಲಿ ರಕ್ತ. ಈಚೆಗೆ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಫೋನ್ ಮಾಡಿ, "ಮೇಡಂ, ನಂಗೆ ಲ್ಯಾಬ್ ಪೋಸ್ಟಿಂಗ್ ಸಿಕ್ಕಿದೆ. ಆರಾಮ ಅಲ್ವಾ?" ಎಂದು ಕೇಳಿದಳು. ಆರಾಮವೇ. ದಿನವಿಡೀ ಯಾರೂ ಮಾತಾಡಿಸುವುದಿಲ್ಲ. ಆಕೆಗೂ ಆಕೆಯಂಥವರಿಗೂ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯವೆಲ್ಲ ಸೇವಾಪುಸ್ತಕದಲ್ಲಿದೆ, ಅಲ್ಲೇ ಇರಲಿ.

ನನ್ನ ಪ್ರಯೋಗಾಲಯ ಮಧುಗಿರಿಯಲ್ಲಿ, ಆಸ್ಪತ್ರೆ ಕಟ್ಟಡದ ಹಿಂದೆ, ಎರಡು ಕೋಣೆ. ಕಿಟಕಿ ತೆರೆದರೆ ಬೆಟ್ಟ ಬಿಟ್ಟರೆ ಬೇರೇನೂ ಕಾಣದು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಕಾರಣ ತಿಳಿಯದೆ ಸತ್ತ ಪ್ರಾಣಿಗಳ ಚೂರುಗಳು ಅಲ್ಲಿಗೆ ಬರುತ್ತಿದ್ದವು. ಕೆಲಸ ಮಾಡುವವರು ನಾನು ಮತ್ತು ಅಟೆಂಡರ್ ರೆಹಮಾನ್ ಸಾಬರು, ಇಬ್ಬರೇ. ಸಾಬರು ಸಿರಾದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಾನು ಓದಿದ್ದು ಜೀವರಸಾಯನ. ಜೀವಕೋಶದ ಕೆಲಸಗಳನ್ನು ನಡೆಸುವ ಕಿಣ್ವಗಳಿಗೆ ಲೋಹ ಯಾಕೆ ಬೇಕು, ಒಂದಕ್ಕೆ ಕಬ್ಬಿಣವಾದರೆ ಇನ್ನೊಂದಕ್ಕೆ ತಾಮ್ರವೇ ಯಾಕೆ ಆಗಬೇಕು ಎನ್ನುವುದು ನನ್ನನ್ನು ಕಾಲೇಜಿನ ದಿನಗಳಿಂದ ಹಿಡಿದ ಹುಚ್ಚು. ಆ ಹುಚ್ಚನ್ನು ಹಂಚಿಕೊಳ್ಳಲು ಮಧುಗಿರಿಯಲ್ಲಿ ಯಾರೂ ಇರಲಿಲ್ಲ. ಮದುವೆಯ ಮಾತುಗಳು ಬಂದು, ಹೋಗಿ, ನಿಂತಿದ್ದವು. ಭಾನುವಾರ ಬಂದರೆ ಬಾಡಿಗೆ ಮನೆಯಲ್ಲಿ ನನ್ನ ದನಿ ನನಗೇ ಕೇಳುತ್ತಿರಲಿಲ್ಲ.

ಒಂದು ಬೆಳಗ್ಗೆ ಸಿರಾ ತಾಲ್ಲೂಕಿನ ಹುಲಿಕುಂಟೆ ಕಡೆಯ ಕುರಿಗಾರ ಈರಣ್ಣ ಕಂಬಳಿಯಲ್ಲಿ ಒಂದು ಮರಿಯನ್ನು ಸುತ್ತಿಕೊಂಡು ಬಂದ. ಅಲ್ಲಿನ ಆಸ್ಪತ್ರೆಯಲ್ಲಿ ವಿಟಮಿನ್ ಸೂಜಿ ಹಾಕಿಸಿ ಸಾಕಾಗಿ ನಮ್ಮಲ್ಲಿಗೆ ಬಂದಿದ್ದ. ಮರಿಯನ್ನು ನೆಲಕ್ಕೆ ಬಿಟ್ಟ. ಮುಂಗಾಲಿನಲ್ಲಿ ಎದ್ದಿತು, ಹಿಂದಿನ ಸೊಂಟ ಎಡಕ್ಕೂ ಬಲಕ್ಕೂ ತೂಗಿತು, ಕುಸಿದು ಕೂತಿತು. ಕಣ್ಣು ಮಾತ್ರ ಚುರುಕಾಗಿತ್ತು.

"ಹುಟ್ಟಿದಾಗ ಚೆನ್ನಾಗೇ ಇರ್ತವೆ ಕಣಮ್ಮ. ಆಮ್ಯಾಕೆ ಹೆಂಡ ಕುಡ್ದೋರಂಗೆ ತೂರಾಡ್ತವೆ. ಕೊನೀಗೆ ಕೂತವು ಏಳಾಕಿಲ್ಲ."

"ನಿನ್ನ ಮಂದೇಲಿ ಮಾತ್ರಾನಾ?"

"ಎಲ್ಲಾ ರೊಪ್ಪದಾಗೂ ಅದೇಯ. ದೇವ್ರಿಗೆ ಹರಕೆ ತಪ್ಪೈತೆ ಅಂತವ್ರೆ. ನಂಗೇನೂ ತೋಚ್ತಿಲ್ಲ, ಅದ್ಕೇ ಇಂಗೆ ಬಂದ್ಬುಟ್ಟೆ."

ಮರುದಿನ ಸಾಬರೂ ನಾನೂ ಹುಲಿಕುಂಟೆಗೆ ಹೋದೆವು. ಕುರಿ ಕೂಡುವ ರೊಪ್ಪದಲ್ಲಿ ರಕ್ತ ತೆಗೆಯುತ್ತಿದ್ದಾಗ ಈರಣ್ಣನ ಹೆಂಡತಿ ಬೇರೊಂದು ದೂರು ಶುರು ಮಾಡಿದಳು. "ನೋಡಿ ಡಾಕ್ಟ್ರಮ್ಮ, ಕರಿ ಕುರಿ ಎಂಗೆ ಕೆಂಪಗಾಗವೆ. ಉಣ್ಣೆ ಗುಂಗುರು ಬುಟ್ಟು ನಾರಿನಂಗೆ ನೆಟ್ಟಗಾಗೈತೆ. ಕಂಬ್ಳಿ ನೇಯೋರು ಈ ಉಣ್ಣೆ ಬ್ಯಾಡ ಅಂತವ್ರೆ." ಮಾತು ಮುಗಿಸಿ, "ಅದ್ಕೂ ಇದ್ಕೂ ಏನು ಸಂಬಂದ, ಬುಡಿ" ಎಂದು ತಾನೇ ಸುಮ್ಮನಾದಳು.

ನಾನು ಸೂಜಿ ಹಿಡಿದವಳು ಹಾಗೇ ನಿಂತೆ. ಕೂದಲಿಗೆ ಕಪ್ಪು ಬಣ್ಣ ಬರುವುದು ಒಂದು ಕಿಣ್ವದಿಂದ. ಅದರೊಳಗೆ ತಾಮ್ರ ಇರಬೇಕು. ಉಣ್ಣೆಯ ಗುಂಗುರಿಗೂ ತಾಮ್ರ ಬೇಕು. ನರದ ಜೀವಕೋಶ ಆಮ್ಲಜನಕವನ್ನು ಬಳಸಿ ಶಕ್ತಿ ಪಡೆಯುವ ಕೊನೆಯ ಮೆಟ್ಟಿಲಿನ ಕಿಣ್ವಕ್ಕೂ ತಾಮ್ರವೇ ಬೇಕು. ತಾಯಿಯ ಹೊಟ್ಟೆಯಲ್ಲಿರುವಾಗ ಮರಿಗೆ ಅದು ಸಿಗದಿದ್ದರೆ ಬೆನ್ನುಹುರಿಯ ಹೊದಿಕೆ ಸರಿಯಾಗಿ ಬೆಳೆಯದು, ಹಿಂಗಾಲು ಬೀಳುತ್ತದೆ. ಕಂಬಳಿಯ ದೂರು, ಕಾಲಿನ ದೂರು ಎರಡೂ ಒಂದೇ ದೂರು.

ಇಷ್ಟು ಹೊಳೆದರೆ ಸಾಲದು, ತೋರಿಸಬೇಕು. ಈಗ ನಿಮಗೆ ಯಂತ್ರಗಳಿವೆ, ಗುಂಡಿ ಒತ್ತಿದರೆ ಯಾವ ಲೋಹ ಎಷ್ಟಿದೆ ಎಂದು ಬರುತ್ತದೆ. ನಮ್ಮಲ್ಲಿ ಆಗ ಬಣ್ಣದ ಪರೀಕ್ಷೆಯೊಂದೇ ಗತಿ. ಮೊದಲ ಸಲ ಮಾಡಿದಾಗ ಎಲ್ಲ ಕುರಿಗಳಲ್ಲೂ ತಾಮ್ರ ಧಾರಾಳವಾಗಿದೆ ಎಂದು ಬಂತು. ಆಮೇಲೆ ನೋಡಿದರೆ ನಮ್ಮ ನಲ್ಲಿ ಹಿತ್ತಾಳೆಯದು. ಗಾಜಿನ ಕೊಳವೆಗಳನ್ನು ತೊಳೆದ ನೀರೇ ತಾಮ್ರ ಬೆರೆಸಿಕೊಂಡು ಬರುತ್ತಿತ್ತು. ಲೋಹ ಹುಡುಕುವವರು ಮೊದಲು ತಮ್ಮ ನಲ್ಲಿಯನ್ನು ನೋಡಿಕೊಳ್ಳಿ. ಆಮೇಲೆ ದಾರಿ ಬದಲಿಸಿ, ರಕ್ತದಲ್ಲಿರುವ ತಾಮ್ರದ ಕಿಣ್ವವೊಂದು ಕೆಲಸ ಮಾಡುತ್ತಿದೆಯೇ ಎಂದು ನೋಡಿದೆವು. ಅದು ಇದ್ದರೆ ಕೊಳವೆಯಲ್ಲಿ ನೇರಳೆ ಬಣ್ಣ ಏಳುತ್ತದೆ. ಮಧುಗಿರಿಯ ಕುರಿಗಳ ಕೊಳವೆಗಳು ನೇರಳೆ ಹಣ್ಣಿನ ರಸದಂತಾದವು. ಹುಲಿಕುಂಟೆಯ ಕೊಳವೆಗಳು ನೀರಿನಂತೆಯೇ ಉಳಿದವು. ಕೈಯಲ್ಲಿ ಹಿಡಿದು ಬೆಳಕಿಗೆ ತೋರಿದೆ. ನೋಡುವವರು ಸಾಬರೊಬ್ಬರೇ.

"ಅಲ್ಲಿ ಮಣ್ಣಾಗೆ ತಾಂಬಾನೇ ಇಲ್ವಾ ಮೇಡಮ್?" ಎಂದು ಅವರು ಕೇಳಿದರು.

ಮಣ್ಣಿನಲ್ಲಿ ಇತ್ತು. ಕಾರಣ ನೀರು. ಕೆರೆ ಒಣಗಿ, ಹೊಸದಾಗಿ ಕೊರೆದ ಆಳದ ಬೋರಿನ ನೀರನ್ನು ಕುರಿಗಳು ಕುಡಿಯುತ್ತಿದ್ದವು. ತೊಟ್ಟಿಯ ಅಂಚಿಗೆ ತುಕ್ಕಿನ ಗೆರೆ ಕಟ್ಟುವಷ್ಟು ಕಬ್ಬಿಣ, ಜೊತೆಗೆ ಗಂಧಕದ ಲವಣ. ಕುರಿಯ ಹೊಟ್ಟೆಯ ಮೇವಿನ ಚೀಲದಲ್ಲಿ ಆ ಗಂಧಕ ತಾಮ್ರವನ್ನು ಹಿಡಿದು ಬಿಗಿಯುತ್ತದೆ, ಕಬ್ಬಿಣ ಅದಕ್ಕೆ ಒತ್ತಾಸೆಯಾಗುತ್ತದೆ. ತಿಂದ ತಾಮ್ರ ರಕ್ತಕ್ಕೆ ಹೋಗದೆ ಹಿಕ್ಕೆಯಲ್ಲಿ ಹೋಗುತ್ತದೆ.

ಅಂದು ಊಟದ ಡಬ್ಬಿ ಮುಚ್ಚಿ, ಯಾರಿಗೂ ಹೇಳದ ಕಥೆಯನ್ನು ಸಾಬರಿಗೆ ಹೇಳಿದೆ. ಬಹಳ ಹಿಂದೆ, ಭೂಮಿಯ ಗಾಳಿಯಲ್ಲಿ ಆಮ್ಲಜನಕವೇ ಇರಲಿಲ್ಲ. ಆಗಿನ ಸಮುದ್ರದಲ್ಲಿ ಕಬ್ಬಿಣ ಸಕ್ಕರೆಯಂತೆ ಕರಗಿತ್ತು. ತಾಮ್ರವೋ ಗಂಧಕದ ಜೊತೆ ಕಲ್ಲಾಗಿ ಕೂತಿತ್ತು. ಆಗ ಹುಟ್ಟಿದ ಸೂಕ್ಷ್ಮಜೀವಿಗಳು ಕೈಗೆ ಸಿಕ್ಕಿದ್ದರಲ್ಲಿ ಸಂಸಾರ ಮಾಡಿದವು. ಅವುಗಳ ಕಿಣ್ವಗಳು ಕಬ್ಬಿಣ, ನಿಕ್ಕಲ್, ಕೋಬಾಲ್ಟುಗಳನ್ನು ಹಿಡಿದವು. ಆಮೇಲೆ ಬಿಸಿಲಿನಿಂದ ಅನ್ನ ಮಾಡಿಕೊಳ್ಳುವ ಜೀವಿಗಳು ಬಂದು ಆಮ್ಲಜನಕ ಬಿಟ್ಟವು. ಸಮುದ್ರದ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಿತು, ಸೆರೆಯಲ್ಲಿದ್ದ ತಾಮ್ರ ನಿಧಾನವಾಗಿ ಬಿಡುಗಡೆಯಾಯಿತು. ಆ ಹೊಸ ಲೋಕದಲ್ಲಿ ಬೆಳೆದ ಜೀವಿಗಳು ಹೊಸ ಕೆಲಸಗಳಿಗೆ ತಾಮ್ರವನ್ನು ಕಟ್ಟಿಕೊಂಡವು. ಉಸಿರಾಟದಿಂದ ಹುಟ್ಟುವ ವಿಷವನ್ನು ತೊಡೆಯುವ ಒಂದೇ ಕೆಲಸಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಇಂದಿಗೂ ಕಬ್ಬಿಣದ ಕಿಣ್ವ ಇಟ್ಟುಕೊಂಡಿವೆ. ಅದೇ ಕೆಲಸಕ್ಕೆ ನಮ್ಮ ಮೈಯಲ್ಲಿ ತಾಮ್ರ ಮತ್ತು ಸತುವಿನ ಕಿಣ್ವವೂ ಇದೆ.

"ಕುರಿಯ ಮೇವಿನ ಚೀಲದಲ್ಲಿ ಗಾಳಿ ಇಲ್ಲ ಸಾಬ್ರೆ. ಅಲ್ಲಿರೋ ಕ್ರಿಮಿಗಳಿಗೆ ತಾಮ್ರದ ಚಿಂತೇನೇ ಇಲ್ಲ ಅನ್ನಬಹುದು. ಗಂಧಕ ಬಂದ್ರೆ ತಾಮ್ರ ಮತ್ತೆ ಕಲ್ಲಾಗುತ್ತೆ. ಆದ್ರೆ ಕುರಿಯ ನರಕ್ಕೆ, ಕೂದಲಿಗೆ ಅದು ಬೇಕು. ಒಳಗೆ ಹಳೇ ಕಾಲ, ಹೊರಗೆ ಹೊಸ ಕಾಲ. ನಡುವೆ ಮರಿ ಬೀಳ್ತಿದೆ."

ಸಾಬರು, "ಯಾ ಅಲ್ಲಾ! ಕುರಿ ಹೊಟ್ಟೇಲಿ ಸಮುಂದರ್ ಇಟ್ಟವ್ನೆ ಅನ್ನಿ" ಎಂದರು. ನನ್ನ ಸೇವೆಯಲ್ಲಿ ಆ ಮಧ್ಯಾಹ್ನದಷ್ಟು ಸಂತೋಷದ ಹೊತ್ತು ಇನ್ನೊಂದಿಲ್ಲ.

ಯಕೃತ್ತಿನ ತುಂಡುಗಳು ಬೆಂಗಳೂರಿಗೆ ಹೋಗಿ ಬಂದವು, ಮಾತು ಖಚಿತವಾಯಿತು. ಬಿದ್ದ ಮರಿಗಳನ್ನು ಎಬ್ಬಿಸಲಾಗಲಿಲ್ಲ, ಅದು ಆಗದ ಮಾತು. ಗಬ್ಬದ ಕುರಿಗಳಿಗೆ ಅಳತೆ ಮಾಡಿ ತಾಮ್ರ ಕೊಟ್ಟೆವು. ಮುಂದಿನ ಸುಗ್ಗಿಯಲ್ಲಿ ಹುಟ್ಟಿದ ಮರಿಗಳು ನಿಂತವು, ಕುಣಿದವು. ಈರಣ್ಣ ಒಂದು ಕರಿ ಕಂಬಳಿ ತಂದು ಮೇಜಿನ ಮೇಲಿಟ್ಟು ಹೋದ. ಸಾಬರು ಅದನ್ನು ಮುಖಕ್ಕೆ ಒತ್ತಿಕೊಂಡು ನೋಡಿದರು.

ಆಗ ನಮಗೊಬ್ಬ ಮೇಲಧಿಕಾರಿ ಇದ್ದರು. ಸಾಹೇಬರು ಎಂದಷ್ಟೇ ಹೇಳುತ್ತೇನೆ. ಕೆಟ್ಟವರಲ್ಲ. ಹಸುವಿನ ಶಸ್ತ್ರಚಿಕಿತ್ಸೆಗೆ ನಿಂತರೆ ಅವರ ಕೈ ನೋಡಬೇಕು, ಅಷ್ಟು ಚೆಂದ. ಆದರೆ ಅವರಿಗೆ ಒಳ್ಳೆಯ ಸುದ್ದಿಯನ್ನು ಎಲ್ಲ ಕಡೆಗೂ ಒಟ್ಟಿಗೇ ಹಂಚುವ ಆತುರ. ಹುಲಿಕುಂಟೆಯ ವರದಿ ಓದಿ ಖುಷಿಪಟ್ಟು, ನಾಲ್ಕೂ ತಾಲ್ಲೂಕಿನ ಕುರಿಗಳಿಗೆ ಅದೇ ಔಷಧಿ, ಅದೇ ಅಳತೆ ಎಂದು ಸುತ್ತೋಲೆ ತಯಾರಿಸಿದರು. ನಾನು ಅವರ ಕೋಣೆಗೆ ಹೋದೆ.

"ಸರ್, ಕುರಿ ಬೇರೆ ಪ್ರಾಣಿಗಳ ಹಾಗಲ್ಲ. ಹೆಚ್ಚಾದ ತಾಮ್ರವನ್ನ ಹೊರಗೆ ಹಾಕೋಕೆ ಅದಕ್ಕೆ ಬರಲ್ಲ. ಯಕೃತ್ತಿನಲ್ಲಿ ಕೂಡಿಡ್ತಾ ಹೋಗುತ್ತೆ. ಕೊರಟಗೆರೆ ಕಡೆ ಆ ನೀರಿಲ್ಲ, ಅಲ್ಲಿ ಕೊರತೆ ಇದೆ ಅಂತ ನಾವು ನೋಡೇ ಇಲ್ಲ. ಮೊದಲು ರಕ್ತ ನೋಡೋಣ."

"ನಾಲ್ಕು ತಾಲ್ಲೂಕಿಗೆ ನಾಲ್ಕು ಸುತ್ತೋಲೆ ಬರೀತಾ ಕೂರೋಕಾಗುತ್ತೇನಮ್ಮಾ? ಕುರಿ ಅಂದ್ರೆ ಕುರಿ. ನಿಮ್ಮ ಕೆಲಸಾನೇ ದೊಡ್ಡದು ಮಾಡ್ತಿದೀನಿ, ನೀವೇ ಬೇಡ ಅಂತೀರಲ್ಲ" ಎಂದು ನಕ್ಕರು. ಸುತ್ತೋಲೆ ಹೋಯಿತು.

ಬೇಸಿಗೆ ಮುಗಿಯುವ ಹೊತ್ತಿಗೆ ಕೊರಟಗೆರೆ ತಾಲ್ಲೂಕಿನ ಒಂದು ಹಳ್ಳಿಯಿಂದ ಕರೆ ಬಂತು. ಗಂಗಮ್ಮ ಎನ್ನುವ ವಿಧವೆಯ ಮಂದೆಯಲ್ಲಿ ಕುರಿಗಳು ಒಂದರ ಹಿಂದೊಂದು ಸಾಯುತ್ತಿವೆ ಎಂದು. ನಾವು ಹೋದಾಗ ರೊಪ್ಪದ ಹೊರಗೆ ಕುರಿಗಳು ಉದ್ದಕ್ಕೂ ಬಿದ್ದಿದ್ದವು. ನಿಂತವುಗಳ ಕಣ್ಣಿನ ಬಿಳಿ ಅರಿಸಿನ ಬಳಿದಂತಿತ್ತು. ಒಂದು ನಮ್ಮ ಮುಂದೆಯೇ ಉಚ್ಚೆ ಹೊಯ್ದಿತು, ಕಾಫಿ ಡಿಕಾಕ್ಷನ್ನಿನ ಬಣ್ಣ. ಪಕ್ಕದಲ್ಲೇ ಕಟ್ಟಿದ್ದ ಎರಡು ಮೇಕೆ ಏನೂ ಆಗದಂತೆ ಸೊಪ್ಪು ಮೇಯುತ್ತಿದ್ದವು. ಮೇಕೆ ತಾಮ್ರವನ್ನು ಕುರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. ಅವನ್ನು ನೋಡಿದ ಕೂಡಲೇ ನನಗೆ ಕಾರಣ ಗೊತ್ತಾಯಿತು. ಕುರಿಯೊಂದನ್ನು ಕೊಯ್ದು ನೋಡಿದರೆ ಮೂತ್ರಪಿಂಡ ಕಬ್ಬಿಣದಂತೆ ಕಪ್ಪಾಗಿತ್ತು, ತಾಮ್ರ ವಿಷವಾದ ಗುರುತು.

"ಔಷಧಿ ಎಷ್ಟು ಸಲ ಹಾಕಿದ್ರಿ?"

"ಅವ್ರು ಹೇಳ್ದಂಗೆ, ಒಂದು ಸಲನೂ ತಪ್ಪಿಸ್ಲಿಲ್ಲ ಕಣವ್ವ. ಬ್ಯಾರೇರೆಲ್ಲ ಈಸ್ಕಂಡು ಮಾಡಿನ ಮ್ಯಾಲೆ ಎಸ್ದವ್ರೆ. ನಾನು ಒಂದೊಂದ್ನೂ ಹಿಡ್ದು ಬಾಯಿಗ್ ಹಾಕ್ದೆ."

ಅವಳ ಕುರಿಗಳು ಮೇಯುತ್ತಿದ್ದದ್ದು ದಾಳಿಂಬೆ ತೋಟಗಳ ಬದುವಿನಲ್ಲಿ. ರೋಗಕ್ಕೆಂದು ತೋಟದವರು ಮೈಲುತುತ್ತ ಬೆರೆಸಿದ ದ್ರಾವಣ ಹೊಡೆಯುತ್ತಿದ್ದರು, ಹುಲ್ಲಿನ ಮೇಲೆಲ್ಲ ನೀಲಿ ಹನಿ. ಅದೂ ತಾಮ್ರವೇ. ಅದರ ಮೇಲೆ ನಮ್ಮ ತಾಮ್ರ. ಶ್ರದ್ಧೆಯಿಂದ ಔಷಧಿ ಹಾಕಿದವಳ ಕುರಿಗಳು ಸತ್ತವು, ಎಸೆದವರ ಕುರಿಗಳು ಬದುಕಿದವು.

ಉಳಿದವಕ್ಕೆ ಮಾಲಿಬ್ಡಿನಂ ಎನ್ನುವ ಲೋಹದ ಲವಣವನ್ನು ಗಂಧಕದ ಲವಣದ ಜೊತೆ ಕುಡಿಸಿದೆವು. ಹುಲಿಕುಂಟೆಯಲ್ಲಿ ಮರಿಗಳನ್ನು ಬೀಳಿಸಿದ ಗಂಧಕವೇ ಇಲ್ಲಿ ಮದ್ದು. ಅದು ತಾಮ್ರವನ್ನು ಹಿಡಿದು ಕಟ್ಟಿಹಾಕುತ್ತದೆ. ಕೆಲವು ಉಳಿದವು, ಹೆಚ್ಚಿನವು ಹೋದವು. ಗಂಗಮ್ಮ ನನ್ನ ಮುಂದೆ ಬಂದು ನಿಂತಳು. ಊರಿನವರು ಬದುವಿನ ಮೇಲೆ ಸಾಲಾಗಿ ನಿಂತು ನೋಡುತ್ತಿದ್ದರು.

"ಏನ್ ರೋಗ ಅವ್ವಾ ಇದು?"

"ರೋಗ ಅಲ್ಲ ಗಂಗಮ್ಮ. ಔಷಧಿಯಿಂದ ಸತ್ತವೆ. ನಾವು ಕೊಟ್ಟ ಔಷಧಿಯಿಂದ. ನಾವು ಹೇಳಿದ್ದನ್ನೇ ನೀನು ಮಾಡಿದೀಯ."

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ, ಬೈಯಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಸತ್ತ ಕುರಿಯೊಂದರ ಪಕ್ಕ ಕೂತಳು.

ಮಧುಗಿರಿಗೆ ಬಂದ ಮೇಲೆ ಸಾಹೇಬರ ಫೋನು. "ಸಾಂಕ್ರಾಮಿಕ ಅಂತ ಬರೀರಿ. ಆ ಹೆಂಗಸಿಗೂ ಏನೋ ಸಹಾಯ ಸಿಗೋ ಹಾಗೆ ಮಾಡೋಣ, ಇಲಾಖೆ ಮರ್ಯಾದೆನೂ ಉಳಿಯುತ್ತೆ."

"ಹಾಗೆ ಬರೆದ್ರೆ ಉಳಿದ ಊರುಗಳಲ್ಲಿ ಔಷಧಿ ಹಾಕ್ತಾನೇ ಇರ್ತಾರೆ ಸರ್."

"ನಾನು ಹೇಳಿದ್ದು ಕೇಳಿಸ್ತಾ?"

ಕೇಳಿಸಿತ್ತು. ನಾನು ಕಂಡದ್ದನ್ನೇ ಬರೆದು ಕಳಿಸಿದೆ. ಆಮೇಲೆ ಸಾಬರ ಜೊತೆ ಬಸ್ಸು ಹಿಡಿದು ಔಷಧಿ ತಲುಪಿದ ಊರುಗಳಿಗೆ ಹೋದೆ. ಸುತ್ತೋಲೆ ಹಿಂದೆಗೆಯುವ ಅಧಿಕಾರ ನನಗಿರಲಿಲ್ಲ, ಬಾಯಿತ್ತು. ಕೆಲವರು ಬಾಟಲಿ ತಂದು ನಮ್ಮ ಕಾಲ ಬಳಿ ಸುರಿದರು. ಕೆಲವರು, "ನಿನ್ನೆ ಆಕಿ ಅಂದ್ರಿ, ಇವತ್ತು ಬ್ಯಾಡ ಅಂತೀರಿ. ನಿಮ್ಗೇನು ತಲೆ ಕೆಟ್ಟೈತಾ?" ಎಂದು ಬಾಗಿಲು ಹಾಕಿಕೊಂಡರು. ಬರಗೂರಿನಲ್ಲಿ ಬಸ್ಸು ಕಾಯುತ್ತಾ ಕೂತಾಗ ಸಾಬರು, "ಮೇಡಮ್, ಫಿಕರ್ ಮಾಡ್ಬೇಡಿ. ಬೈಯ್ಯೋರ ಕುರೀನೂ ಬದುಕ್ತವೆ" ಎಂದರು. ಬದುಕಿದವು. ಕೆಲ ವಾರಗಳಲ್ಲಿ ಸುತ್ತೋಲೆ ಸದ್ದಿಲ್ಲದೆ ವಾಪಸಾಯಿತು. ಯಾಕೆ ಎಂದು ಯಾರೂ ಬರೆಯಲಿಲ್ಲ.

ನನಗೆ ಯಾರೂ ಶಿಕ್ಷೆ ಕೊಡಲಿಲ್ಲ, ಅದನ್ನು ನೆಟ್ಟಗೆ ಹೇಳಬೇಕು. ಮಾತು ನಿಲ್ಲಿಸಿದರು, ಅಷ್ಟೇ. ತಿಂಗಳ ಸಭೆಯಲ್ಲಿ ನಾನು ಕೂತ ಸಾಲಿನಲ್ಲಿ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಒಂದು ದಿನ ಕಾಫಿಯ ತಟ್ಟೆ ನನ್ನನ್ನು ದಾಟಿ ಹೋಯಿತು. ತಂದ ಹುಡುಗ ಮರೆತಿದ್ದ, ಬೇಕೆಂದು ಮಾಡಿದ್ದಲ್ಲ. ಆದರೂ ಅದು ನೆನಪಿದೆ. ವರ್ಷ ತುಂಬುವ ಮೊದಲು ಪಾವಗಡಕ್ಕೆ ವರ್ಗವಾಯಿತು.

ಪಾವಗಡದಲ್ಲಿ ಇದ್ದದ್ದು ಒಂದು ಕೋಣೆ, ಅಟೆಂಡರ್ ಇಲ್ಲ. ಅಲ್ಲಿನ ನೀರಿನ ಕಥೆ ಬೇರೆ, ಅಲ್ಲಿ ಫ್ಲೋರೈಡು. ಹಲ್ಲು ಕಂದಾದ, ಕೀಲು ಬಿಗಿದ ಎತ್ತುಗಳನ್ನು ಹಿಡಿದು ಬರುತ್ತಿದ್ದರು. "ಏಂ ಚೇಸೇದಮ್ಮಾ, ನಮ್ಮೂರ ನೀಳ್ಳೇ ಇಂತೆ" ಎಂದು, ಏನು ಮಾಡುವುದು ನೀರೇ ಇಷ್ಟು ಎಂಬುದನ್ನು ಅರ್ಧ ತೆಲುಗಿನಲ್ಲಿ ಹೇಳಿ ತಾವೇ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಸಕ್ಕರೆ ಪರೀಕ್ಷೆಗೆ ರಕ್ತ ಹಾಕುವ ಬೂದು ಮುಚ್ಚಳದ ಕೊಳವೆಯಲ್ಲಿ ಇರುವುದೂ ಫ್ಲೋರೈಡೇ. ಮೆಗ್ನೀಸಿಯಂ ಬಲದಿಂದ ನಡೆಯುವ ಒಂದು ಕಿಣ್ವವನ್ನು ಅದು ತಡೆದು, ರಕ್ತಕಣಗಳು ಸಕ್ಕರೆಯನ್ನು ತಿಂದುಬಿಡದಂತೆ ಕಾಯುತ್ತದೆ. ಇದನ್ನು ಅಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವ ಅಭ್ಯಾಸ ತಪ್ಪಿಹೋಗಿತ್ತು. ಸಾಬರು ಆಗಾಗ ಫೋನ್ ಮಾಡಿ, "ಸಮುಂದರ್ ಹೆಂಗೈತೆ ಮೇಡಮ್?" ಎಂದು ಕೇಳುತ್ತಿದ್ದರು. ಅವರು ನನಗಿಂತ ಮೊದಲು ನಿವೃತ್ತರಾದರು. ನನಗಿಂತ ಮೊದಲೇ ಹೋಗಿಯೂಬಿಟ್ಟರು. ಪಾವಗಡದಿಂದ ಸಿರಾಕ್ಕೆ ಬಸ್ಸು ಸಿಕ್ಕಿ ನಾನು ಮುಟ್ಟುವಾಗ ಮಣ್ಣು ಮಾಡಿ ಎಲ್ಲರೂ ಮನೆಗೆ ಬಂದಿದ್ದರು.

ನಿವೃತ್ತಿಯಾದ ಮೇಲೆ ಮಧುಗಿರಿಗೇ ಬಂದು ಮನೆ ಮಾಡಿದೆ. ಮೊನ್ನೆ ಕೊರಟಗೆರೆಗೆ ಬ್ಯಾಂಕಿನ ಕೆಲಸಕ್ಕೆ ಹೋದವಳು, ಏನು ತೋಚಿತೋ, ಗಂಗಮ್ಮನ ಊರಿನ ಬಸ್ಸು ಹತ್ತಿದೆ. ಅವಳು ಇನ್ನೂ ಇರುತ್ತಾಳೆಯೇ ಎಂಬುದೂ ಗೊತ್ತಿರಲಿಲ್ಲ. ಇದ್ದಳು. ಮುದುಕಿಯಾಗಿದ್ದಳು. ನನ್ನ ಮುಖ ನೋಡಿ ಸ್ವಲ್ಪ ಹೊತ್ತು ಹುಡುಕಿ, "ಕುರಿ ಕೊಯ್ದ ಡಾಕ್ಟ್ರಮ್ಮ!" ಎಂದಳು. ಮುದ್ದೆ ಉಣ್ಣಲು ಕೂರಿಸಿದಳು, ಬೇಡವೆಂದರೆ ಬಿಡಲಿಲ್ಲ. ಈಗ ಮೇಕೆ ಸಾಕುತ್ತಾಳಂತೆ.

ಉಂಡಾದ ಮೇಲೆ ಅಂದಿನದೆಲ್ಲ ಅವಳಿಗೆ ವಿವರವಾಗಿ ಹೇಳಬೇಕೆನಿಸಿತು. ದಾಳಿಂಬೆ ತೋಟದ ನೀಲಿ ಹನಿಯಿಂದ ಶುರು ಮಾಡಿ, ಹುಲಿಕುಂಟೆಯ ಬೋರಿನ ನೀರು, ಕುರಿ ಮತ್ತು ಮೇಕೆಯ ವ್ಯತ್ಯಾಸ, ಕಬ್ಬಿಣದ ಕಾಲ, ತಾಮ್ರದ ಕಾಲ, ಎಲ್ಲ ಹೇಳಿದೆ. ಅವಳು ಕಾಲು ಚಾಚಿ ಕೂತು ತಾಳ್ಮೆಯಿಂದ ಕೇಳಿದಳು. ಕೊನೆಗೆ ಅಂದಳು:

"ನೀವು ಹೇಳಿದ್ರಾಗೆ ಅರ್ದ ತಿಳೀಲಿಲ್ಲ ಕಣವ್ವ. ಆದ್ರೆ ಅವತ್ತು ಊರೋರ ಮುಂದೆ, ಔಸ್ದಿಯಿಂದ ಸತ್ತವೆ ಅಂದ್ರಲ್ಲ, ಅಷ್ಟು ಸಾಕಾಗಿತ್ತು. ನನ್ ಗಂಡ ಸತ್ತಾಗ್ಲೇ ನನ್ ಕಾಲ್ಗುಣ ಅಂದಿದ್ರು. ಕುರಿ ಬೀಳಾಕೆ ಶುರುವಾದಾಗ ನನ್ನ ಊರ್ ಬುಡ್ಸಾಕೆ ಮಾತಾಡ್ಕಂಡಿದ್ರು. ನೀವು ಅಂದ್ಮ್ಯಾಲೆ ಒಬ್ರೂ ಬಾಯಿ ಬುಡ್ಲಿಲ್ಲ."

ನನಗೆ ಇದು ಗೊತ್ತೇ ಇರಲಿಲ್ಲ. ಬದುವಿನ ಮೇಲೆ ನಿಂತವರು ಸುಮ್ಮನೆ ನೋಡುತ್ತಿದ್ದಾರೆ ಎಂದುಕೊಂಡಿದ್ದೆ.

ಬಸ್ಸಿನವರೆಗೂ ಬಂದು ಹತ್ತಿಸಿದಳು. ಕಿಟಕಿ ಪಕ್ಕ ಕೂತೆ. ಈ ಮಾತನ್ನು ಯಾರಿಗಾದರೂ ಆ ಕ್ಷಣವೇ ಹೇಳಬೇಕೆನಿಸಿ ಫೋನ್ ತೆಗೆದೆ. ರೆಹಮಾನ್ ಸಾಬರ ನಂಬರು ಅಳಿಸಿಲ್ಲ, ಹಾಗೇ ಇದೆ. ಆ ಹೆಸರಿನ ಮೇಲೆ ಬೆರಳಿಟ್ಟುಕೊಂಡೇ ಮಧುಗಿರಿವರೆಗೂ ಬಂದೆ. ಇಳಿದು ಮನೆಗೆ ಹೋಗಿ, ಬಾಗಿಲು ತೆಗೆದು, ಇದನ್ನು ಬರೆಯಲು ಕೂತೆ.